ಎಲೆ ಆರಿಸಿದ್ವಿ ಅಂತಾಳೆ, ಪಾಠ ಯಾವಾಗ?

ಪ್ರಶ್ನೆ: ನಾವು ಕೋಣಂದೂರು ಕಡೆಯವರು. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ 2ನೇ ಕ್ಲಾಸು, ಮಗ 5ನೇ ಕ್ಲಾಸು. ಸಂಜೆ ಬಂದ ಮೇಲೆ "ಇವತ್ತು ಏನು ಕಲಿತೆ ಪುಟ್ಟಿ" ಅಂದರೆ "ಎಲೆ ಆರಿಸಿದ್ವಿ" ಅಂತಾಳೆ, ಇಲ್ಲಾ "ಹಾಡು ಹೇಳಿದ್ವಿ" ಅಂತಾಳೆ. ಅ ಆ ಇ ಈ ಸಾಲಾಗಿ ಹೇಳು ಅಂದರೆ ತಡವರಿಸುತ್ತಾಳೆ. ಮಗನಿಗೆ ಇರುವುದೇ ನಾಲ್ಕು ಪುಸ್ತಕ. ಪಕ್ಕದ ಮನೆ ಹುಡುಗ ವ್ಯಾನಿನಲ್ಲಿ ಪೇಟೆ ಶಾಲೆಗೆ ಹೋಗುತ್ತಾನೆ, ಅವನೂ 2ನೇ ಕ್ಲಾಸೇ, ಹದಿನೈದರ ಮಗ್ಗಿವರೆಗೆ ಗಡಗಡ ಒಪ್ಪಿಸುತ್ತಾನೆ. ಪ್ರೈಮರಿಯಲ್ಲಿ ನಿಜವಾಗಿ ಏನೇನು ಕಲಿಯಬೇಕು? ನಮ್ಮ ಮಕ್ಕಳು ಹಿಂದೆ ಬೀಳುತ್ತಿದ್ದಾರಾ? ಮುಂದಿನ ವರ್ಷ ಇವರನ್ನೂ ವ್ಯಾನಿಗೆ ಹಾಕಬೇಕಾ?

ಉತ್ತರ: ಮೊದಲು ನಿಮ್ಮ ಮಗಳ ಎಲೆಗಳಿಂದಲೇ ಶುರು ಮಾಡುತ್ತೇನೆ, ವ್ಯಾನಿನ ಮಾತು ಆಮೇಲೆ. ನಾನು ಹೊಸನಗರ ತಾಲೂಕಿನಲ್ಲಿ ಮೇಷ್ಟ್ರಾಗಿ ಇದ್ದವನು. ಆಮೇಲೆ ಕೆಲವು ವರ್ಷ ಸಿಆರ್‌ಪಿಯಾಗಿ, ಅಂದರೆ ಅಕ್ಕಪಕ್ಕದ ಒಂದಷ್ಟು ಶಾಲೆ ಸೇರಿದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾಗಿ, ಶಾಲೆ ಶಾಲೆ ತಿರುಗಿದವನು. ಈ ಪ್ರಶ್ನೆಯನ್ನು ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಒಂದು ಸಲ ಸೊಸೈಟಿಯಲ್ಲಿ ಸಕ್ಕರೆಗೆ ಕ್ಯೂ ನಿಂತಾಗಲೂ ಕೇಳಿಸಿಕೊಂಡಿದ್ದೇನೆ.

ಎಲೆ ಆರಿಸುವುದು ಅಂದರೆ ಏನು ಅಂತ ನೋಡೋಣ. ಮಕ್ಕಳನ್ನು ಶಾಲೆ ಹಿಂದಿನ ಬ್ಯಾಣಕ್ಕೆ, ಅಂದರೆ ಗಿಡಮರ ಇರುವ ಹುಲ್ಲುಜಾಗಕ್ಕೆ, ಕರೆದುಕೊಂಡು ಹೋಗುತ್ತಾರೆ. ಹಲಸು, ಗೇರು, ಮುರುಗಲು, ನೇರಳೆ, ಸಾಗುವಾನಿ, ಬೇಲಿ ಪಕ್ಕದ ಒಂದೆಲಗ, ಹೀಗೆ ಸಿಕ್ಕಿದ್ದೆಲ್ಲ ಬುಟ್ಟಿಗೆ ಬೀಳುತ್ತದೆ. ಒಳಗೆ ಬಂದು ಅವನ್ನು ಗುಂಪು ಮಾಡಬೇಕು. ಹೇಗೆ ಗುಂಪು ಮಾಡುವುದು ಅಂತ ಟೀಚರ್ ಹೇಳುವುದಿಲ್ಲ, ಅದೇ ಇಲ್ಲಿರುವ ಜಾಣತನ. ಒಬ್ಬ ದೊಡ್ಡದು ಚಿಕ್ಕದು ಅಂತ ಹಾಕುತ್ತಾನೆ, ಇನ್ನೊಬ್ಬಳು ಅಂಚು ಗರಗಸದ ಹಾಗಿರುವುದು ಇಲ್ಲದ್ದು ಅಂತ ಹಾಕುತ್ತಾಳೆ, ಮೂರನೆಯವನು ಎಲ್ಲವನ್ನೂ ತಿಕ್ಕಿ ಮೂಸಿ ವಾಸನೆ ಇರುವುದು ಇಲ್ಲದ್ದು ಅಂತ ಮಾಡುತ್ತಾನೆ. ಯಾರೋ ಸಾಗುವಾನಿ ಚಿಗುರು ತಿಕ್ಕಿ ಕೈ ಕೆಂಪಾಗಿ "ಟೀಚರ್ ರಕ್ತ" ಅಂತ ಕೂಗಿಯೇ ಕೂಗುತ್ತಾರೆ. ಆಮೇಲೆ ಎಣಿಸಬೇಕು, ಹತ್ತರ ಕಟ್ಟು ಮಾಡಬೇಕು, ಮೂರು ಕಟ್ಟು ಮತ್ತು ನಾಲ್ಕು ಬಿಡಿ ಅಂದರೆ 34 ಅಂತ ಬರೆಯಬೇಕು. ಹೆಸರು ಗೊತ್ತಿರುವ ಎಲೆಯ ಕೆಳಗೆ ಹೆಸರು ಬರೆಯಬೇಕು. ಚಿತ್ರ ಬಿಡಿಸಿ ತಲೆ ಮೇಲಿನ ಚಪ್ಪರದ ದಾರಕ್ಕೆ ನೇತು ಹಾಕಬೇಕು. ಇಷ್ಟರಲ್ಲಿ ಪರಿಸರ ಆಯಿತು, ಗಣಿತ ಆಯಿತು, ಕನ್ನಡ ಆಯಿತು, ಚಿತ್ರಕಲೆ ಆಯಿತು. ಮಗುವಿಗೆ ಅದು ನಾಲ್ಕು ವಿಷಯ ಅಂತ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವಳ ಲೆಕ್ಕದಲ್ಲಿ ಅದು ಎಲೆ ಆರಿಸಿದ್ದು ಅಷ್ಟೇ.

ಇದಕ್ಕೆ ನಲಿ-ಕಲಿ ಅಂತಾರೆ, ಹೆಸರು ಕೇಳಿಯೇ ಇರುತ್ತೀರಿ. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು. ಆಂಧ್ರದ ರಿಷಿ ವ್ಯಾಲಿಯಲ್ಲಿ ಕಾರ್ಡು ಇಟ್ಟುಕೊಂಡು ಕಲಿಸುವುದನ್ನು ನಮ್ಮ ಮೇಷ್ಟ್ರುಗಳು ನೋಡಿಕೊಂಡು ಬಂದು ಇಲ್ಲಿಗೆ ಒಗ್ಗಿಸಿಕೊಂಡರು. 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. 1, 2, 3ನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ, ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯನ್ನು ಒಬ್ಬೊಬ್ಬರೂ ತಮ್ಮ ವೇಗದಲ್ಲಿ ಹತ್ತುತ್ತಾರೆ. ಮಳೆ, ಜ್ವರ, ಅಜ್ಜಿಮನೆ ಅಂತ ಹತ್ತು ದಿನ ಬಿಟ್ಟು ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ನಮ್ಮ ಕಡೆ ಮನೆ ಒಂದು ಗುಡ್ಡದಲ್ಲಿ, ಶಾಲೆ ಇನ್ನೊಂದು ಗುಡ್ಡದಲ್ಲಿ. ಹಾಗಾಗಿ ಇದು ಸಣ್ಣ ಅನುಕೂಲವಲ್ಲ.

ಇನ್ನು ಅ ಆ ಇ ಈ ವಿಷಯ. ನಿಮ್ಮ ಮಗಳು ಸಾಲಾಗಿ ಹೇಳುವುದಿಲ್ಲ, ಯಾಕೆಂದರೆ ಅವಳಿಗೆ ಆ ಸಾಲಿನಲ್ಲಿ ಕಲಿಸಿಯೇ ಇಲ್ಲ. ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಈ ಮೊದಲ ಐದು ಅಕ್ಷರ ಬಂದ ಕೂಡಲೇ ಮಗು ರಸ, ಸರ, ದರ, ಅಗಸ, ಅರಸ, ಗರಗಸ ಅಂತ ನಿಜವಾದ ಪದ ಓದುತ್ತದೆ. ಅದೇ ಅ ಆ ಇ ಈ ಉ ಊ ಋ ಅಂತ ಹೋದರೆ ಏಳು ಅಕ್ಷರ ಕಲಿತರೂ ಓದಲು ಹೆಚ್ಚು ಪದ ಸಿಗುವುದಿಲ್ಲ. ಕನ್ನಡದಲ್ಲಿ ಇ, ಈ, ಉ ಇವು ಪೂರ್ತಿ ಅಕ್ಷರವಾಗಿ ಕಾಣುವುದು ಹೆಚ್ಚಾಗಿ ಪದದ ಮೊದಲಲ್ಲಿ. ಒಳಗೆ ಬಂದರೆ ಗುಡಿಸು, ಕೊಂಬು ಆಗಿಬಿಡುತ್ತವೆ. ನಾನೇ ಮೊದಲು ಇದನ್ನು ನಂಬಿರಲಿಲ್ಲ, ತರಬೇತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನಕ್ಕವರಲ್ಲಿ ನಾನೂ ಒಬ್ಬ. ಎರಡು ತಿಂಗಳಿಗೆ 1ನೇ ಕ್ಲಾಸಿನ ಹುಡುಗನೊಬ್ಬ ಬಡಗಿಯ ಮನೆಯಿಂದ ಬಂದವನು ನೆಲದ ಮೇಲೆ "ಗರಗಸ" ಅಂತ ಬರೆದು, ಪಕ್ಕದಲ್ಲಿ ಅದರ ಹಲ್ಲನ್ನೂ ಬಿಡಿಸಿದ ಮೇಲೆ ಬಾಯಿ ಮುಚ್ಚಿಕೊಂಡೆ. ವರ್ಣಮಾಲೆಯ ಸಾಲು ಆಮೇಲೆ ಹೇಗೂ ಬರುತ್ತದೆ. ನಿಘಂಟು ನೋಡುವ ಹೊತ್ತಿಗೆ ಬಂದರೆ ಸಾಕು.

ಹಾಗಾದರೆ ಏನು ಬರಲೇಬೇಕು? ನನ್ನ ಪ್ರಕಾರ ಪ್ರೈಮರಿಯಲ್ಲಿ ಒಂದೇ ಒಂದು ಗೇಟು ಇದೆ. 3ನೇ ಕ್ಲಾಸು ದಾಟುವಾಗ ಮಗು ತನಗೆ ಗೊತ್ತಿಲ್ಲದ ಒಂದು ಪುಟವನ್ನು ಓದಿ ಅರ್ಥ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಓದುವುದನ್ನು ಕಲಿಯುತ್ತದೆ, 4ರಿಂದ ಓದಿ ಕಲಿಯಬೇಕಾಗುತ್ತದೆ. ಆ ಗೇಟಿನಲ್ಲಿ ಸಿಕ್ಕಿಹಾಕಿಕೊಂಡ ಮಗುವಿಗೆ ಪರಿಸರವೂ ಕಷ್ಟ, ಗಣಿತದಲ್ಲಿ ಓದಿ ಬಿಡಿಸುವ ಲೆಕ್ಕವೂ ಕಷ್ಟ, 6ರಲ್ಲಿ ವಿಜ್ಞಾನ, ಸಮಾಜ, ಹಿಂದಿ ಸೇರಿಕೊಂಡಾಗ ಕಥೆ ಮುಗಿದ ಹಾಗೇ. 2021ರಲ್ಲಿ ಬಂದ, ಚಿಕ್ಕ ಕ್ಲಾಸಿನವರ ಓದು ಮತ್ತು ಲೆಕ್ಕಕ್ಕೆಂದೇ ಇರುವ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಗುರಿಯೂ ಇದೇ. 3ನೇ ಕ್ಲಾಸಿನ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ತಿಳಿದು ಓದಬೇಕು, 9999ರವರೆಗಿನ ಸಂಖ್ಯೆ ಓದಿ ಬರೆಯಬೇಕು. 60 ಪದದ ಬಗ್ಗೆ ನನ್ನದೊಂದು ತಕರಾರು ಇದೆ. ನಮ್ಮ ಭಾಷೆಯಲ್ಲಿ "ಬಂದುಬಿಟ್ಟಿದ್ದರಂತೆ" ಅನ್ನುವುದು ಒಂದೇ ಪದ. ಬೇರೆ ಭಾಷೆಯವರು ಅದಕ್ಕೆ ನಾಲ್ಕೈದು ಪದ ಬಳಸುತ್ತಾರೆ. ಆದ್ದರಿಂದ ಗಡಿಯಾರ ಹಿಡಿದು ಕೂರಬೇಡಿ. ಅರ್ಥ ಆಯಿತಾ ಅಂತ ಮಾತ್ರ ನೋಡಿ.

ಅರ್ಥದ ಮಾತು ಬಂದಿದ್ದಕ್ಕೆ ನನ್ನದೇ ಒಂದು ತಪ್ಪು ಹೇಳುತ್ತೇನೆ. ನಾನು ಬಯಲುಸೀಮೆಯವನು, ಮಳೆ ಬಂದರೆ ಹಬ್ಬ ಅನ್ನುವ ಊರಿನಿಂದ ಬಂದವನು. ಇಲ್ಲಿಗೆ ಹಾಕಿದ ಮೊದಲ ವರ್ಷ, 3ನೇ ಕ್ಲಾಸಿಗೆ "ಮಳೆ ಜಾಸ್ತಿ ಬಂದರೆ ಏನಾಗುತ್ತದೆ?" ಅಂತ ಪ್ರಶ್ನೆ ಕೊಟ್ಟಿದ್ದೆ. ಕೆರೆ ತುಂಬುತ್ತದೆ, ಬೆಳೆ ಚೆನ್ನಾಗಿ ಬರುತ್ತದೆ ಅನ್ನುವುದು ನನ್ನ ತಲೆಯಲ್ಲಿದ್ದ ಉತ್ತರ. ಒಬ್ಬಳು "ಸಂಕ ಹೋಗುತ್ತೆ, ಸ್ಕೂಲು ಇಲ್ಲ" ಅಂತ ಬರೆದಳು. ನಾನು ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಮೇಲೆ "ಶಂಖ" ಅಂತ ತಿದ್ದಿದೆ! ಶಂಖ ಎಲ್ಲಿಗೆ ಹೋಗುತ್ತೆ ಅಂತ ಬೇರೆ ಬೈದೆ. ಅವಳು ಏನೂ ಹೇಳಲಿಲ್ಲ. ಜುಲೈನಲ್ಲಿ ಹಾಜರಾತಿ ಕಮ್ಮಿ ಅಂತ ಮನೆ ಭೇಟಿಗೆ ಹೋದಾಗ ಹಳ್ಳದ ಮೇಲೆ ಎರಡು ಅಡಿಕೆ ಮರ ಹಾಸಿದ ಕಾಲುಸಂಕ, ಕೆಳಗೆ ಕೆಂಪು ನೀರು. ದಾಟಲು ಆಗದೆ ನಾನು ಈ ಕಡೆ ನಿಂತಿದ್ದೆ, ಅವಳು ಆ ಕಡೆ ಕೊಪ್ಪೆ ಹಾಕಿಕೊಂಡು ನಿಂತು "ಸಾರ್, ಇದೇ ಸಂಕ" ಅಂದಳು. ನನ್ನ ನೌಕರಿಯಲ್ಲಿ ನನಗೆ ಸಿಕ್ಕ ಒಳ್ಳೆಯ ಪರಿಸರ ಪಾಠ ಅದು. ಮಲೆನಾಡಿನ ಒಂದು ಕ್ಲಾಸಿನಲ್ಲಿ ಹವ್ಯಕ ಕನ್ನಡ, ದೀವರ ಕನ್ನಡ, ಕೊಂಕಣಿ, ಉರ್ದು, ಲಂಬಾಣಿ ಮನೆಮಾತಿನವರು ಒಟ್ಟಿಗೆ ಕೂತಿರುತ್ತಾರೆ. ಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯದ್ದೂ ಅಲ್ಲ. ಆದ್ದರಿಂದ ಮಗು ಮನೆಯ ಪದದಲ್ಲಿ ಉತ್ತರ ಬರೆದರೆ ಮೊದಲು ಅರ್ಥ ಕೇಳಿ, ಆಮೇಲೆ ಕಾಗುಣಿತ.

ಈಗ ಮಗನ ವಿಷಯಕ್ಕೆ ಬರುತ್ತೇನೆ. 5ನೇ ಕ್ಲಾಸಿಗೆ ನಾಲ್ಕೇ ಪುಸ್ತಕ ಅಂತ ಬೇಸರ ಪಟ್ಟುಕೊಂಡಿದ್ದೀರಿ. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ. ಈ ನಾಲ್ಕನೆಯದು ಹೆಸರಿಗೆ ಒಂದು, ಒಳಗೆ ವಿಜ್ಞಾನ, ಚರಿತ್ರೆ, ಭೂಗೋಳ, ಪೌರನೀತಿ ಎಲ್ಲ ಇದೆ. ನೀರು, ಆಹಾರ, ಕೃಷಿಯಿಂದ ಹಿಡಿದು ಭಾರತದ ನಕ್ಷೆಯವರೆಗೆ. ಅದನ್ನು ಗೆರೆ ಎಳೆಸಿ ಪ್ರಶ್ನೋತ್ತರ ಬರೆಸಿ ಮುಗಿಸುವ ಶಾಲೆಯೂ ಇದೆ, ಇಲ್ಲ ಅನ್ನುವುದಿಲ್ಲ. ಚೆನ್ನಾಗಿ ಮಾಡಿದರೆ ಹೇಗಿರುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ.

ನಮ್ಮ ಕ್ಲಸ್ಟರಿನ ಒಂದು ಶಾಲೆಯಲ್ಲಿ ಜೂನಿನಲ್ಲಿ 4, 5ನೇ ಕ್ಲಾಸಿನವರು ಮಳೆಮಾಪಕ ಮಾಡಿದರು. ಖರ್ಚು ಸೊನ್ನೆ. ನೆಟ್ಟಗಿರುವ ದೊಡ್ಡ ಜ್ಯೂಸ್ ಬಾಟಲಿ ತೆಗೆದುಕೊಂಡು ಕುತ್ತಿಗೆ ಕತ್ತರಿಸಿ ಅದನ್ನೇ ಬೋರಲು ಮಾಡಿ ಆಲಿಕೆಯ ಹಾಗೆ ಕೂರಿಸಿದರು. ಬಾಟಲಿಯ ತಳ ಉಬ್ಬುತಗ್ಗು ಇರುತ್ತದಲ್ಲ, ಅದಕ್ಕೆ ಕಲ್ಲು ಹಾಕಿ ನೀರು ತುಂಬಿ ಸಮ ಮಾಡಿ, ಆ ಮಟ್ಟಕ್ಕೆ 0 ಅಂತ ಗೆರೆ. ಅಲ್ಲಿಂದ ಮೇಲಕ್ಕೆ ಸ್ಕೇಲಿನ ಮಿಲಿಮೀಟರ್ ಬರೆದ ಪಟ್ಟಿ, ಸುತ್ತ ಟೇಪು. ಮರದ ಕೆಳಗೆ ಇಡಬಾರದು, ಮಾಡಿನ ನೀರು ಬೀಳುವಲ್ಲಿ ಇಡಬಾರದು ಅನ್ನುವುದಕ್ಕೇ ಅರ್ಧ ದಿನ ಜಗಳ ಆಯಿತು. ದಿನಾ ಪ್ರಾರ್ಥನೆಗೆ ಮುಂಚೆ ಇಬ್ಬರು ಹೋಗಿ ಓದಿ, ಪುಸ್ತಕದಲ್ಲಿ ಬರೆದು, ಮತ್ತೆ 0ಗೆ ತಂದು ಬರಬೇಕು.

ಜುಲೈನಲ್ಲಿ ಒಂದು ಬೆಳಿಗ್ಗೆ ಬಾಟಲಿ ತುಂಬಿ ಹರಿದಿತ್ತು. ಪಟ್ಟಿ 180ಕ್ಕೆ ಮುಗಿಯುತ್ತಿತ್ತು. ಒಬ್ಬ 180 ಅಂತ ಬರೆಯೋಣ ಅಂದ. ಇನ್ನೊಬ್ಬ ಅದು ಸುಳ್ಳು ಅಂದ. ಮೂರನೆಯವಳು ಖಾಲಿ ಬಿಡೋಣ ಅಂದಳು, ಖಾಲಿ ಬಿಟ್ಟರೆ ಮಳೆಯೇ ಬಂದಿಲ್ಲ ಅಂತಾಗುತ್ತೆ ಅಂತ ಎಲ್ಲರೂ ಅವಳ ಮೇಲೆ ಬಿದ್ದರು. ಕೊನೆಗೆ ಒಬ್ಬ ಗಣಿತದ ಪುಸ್ತಕ ತೆಗೆದು, ದೊಡ್ಡದು ಚಿಕ್ಕದರ ಚಿಹ್ನೆ ಇದೆಯಲ್ಲ, ಮಕ್ಕಳು ಮೊಸಳೆ ಬಾಯಿ ಅಂತಾರೆ, ಅದನ್ನು ಹಾಕಿ "> 180" ಅಂತ ಬರೆದ. ಆ ಚಿಹ್ನೆ ಇರುವುದು ಪರೀಕ್ಷೆಯ ಖಾಲಿ ಬಾಕ್ಸ್ ತುಂಬಲಿಕ್ಕೆ ಅಂತಲೇ ಅಂದುಕೊಂಡಿದ್ದ ಮಕ್ಕಳು ಅವರು. ಅವತ್ತು ನಾನು ತಪಾಸಣೆಗೆ ಹೋದವನು, ತಪಾಸಣೆ ಬಿಟ್ಟು ಅವರ ಜೊತೆ ಕೂತೆ.

ಆ ತಿಂಗಳ ಸ್ತಂಭಾಲೇಖ ಬಿಡಿಸುವಾಗ 5 ಮಿಲಿಮೀಟರಿಗೆ 1 ಸೆಂಟಿಮೀಟರ್ ಅಂತ ಅಳತೆ ಇಟ್ಟುಕೊಂಡಿದ್ದರು. ಆ ಒಂದು ದಿನದ ಕಂಬ ಹಾಳೆ ದಾಟಿ ಹೋಗಿ, ಮೇಲೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು. ಆಮೇಲೆ ಶಾಲೆಯ ಮಾಡು ಅಳೆದರು. 10 ಮೀಟರ್ ಉದ್ದ, 6 ಮೀಟರ್ ಅಗಲ, ಅಂದರೆ 60 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ 1 ಲೀಟರ್ ನೀರು. 50 ಮಿಲಿಮೀಟರ್ ಬಿದ್ದ ದಿನ ಮಾಡಿನ ಮೇಲೆ 3,000 ಲೀಟರ್ ಬಿದ್ದಿರುತ್ತದೆ, ಅಂದರೆ ಸಾವಿರ ಲೀಟರಿನ ಸಿಂಟೆಕ್ಸ್ ಮೂರು ತುಂಬುವಷ್ಟು. "ಮತ್ತೆ ಏಪ್ರಿಲ್‌ನಲ್ಲಿ ನಾವು ಯಾಕೆ ಕೊಡ ಹೊರುವುದು?" ಅಂತ ಒಬ್ಬ ಕೇಳಿದ. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಒಣಗುವ ನಮ್ಮ ಊರುಗಳ ಪ್ರಶ್ನೆ ಅದು, ಅದಕ್ಕೆ ಪುಸ್ತಕದ ಹಿಂದೆ ಉತ್ತರ ಇಲ್ಲ. ಪಂಚಾಯಿತಿಗೆ ಕಾಗದ ಬರೆಯಿರಿ ಅಂದೆವು. ಬರೆದರು. ಅದು ಕನ್ನಡದ ಪತ್ರಲೇಖನದ ಪಾಠ.

ಇನ್ನೂ ಒಂದು ಬಾಲ ಇದೆ ಇದಕ್ಕೆ. ಮನೆಯ ಅಜ್ಜ ಅಜ್ಜಿಯರನ್ನು ಮಳೆ ಬಗ್ಗೆ ಕೇಳಿಕೊಂಡು ಬನ್ನಿ ಅಂತ ಕಳಿಸಿದಾಗ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಅಂತ ಪಟ್ಟಿ ತಂದರು. ಒಂದು ಮಳೆ ಎಷ್ಟು ದಿನ ಅಂದರೆ ಒಬ್ಬರ ಅಜ್ಜ 13 ಅಂದಿದ್ದಾರೆ, ಇನ್ನೊಬ್ಬರ ಅಜ್ಜಿ 14. ಯಾರು ಸರಿ? ವರ್ಷಕ್ಕೆ 365 ದಿನ, ನಕ್ಷತ್ರ 27, ಭಾಗಿಸಿ ನೋಡಿ ಅಂದೆವು. 13 ಬಂತು, 14 ಉಳಿಯಿತು. ಅಜ್ಜ ಅಜ್ಜಿ ಇಬ್ಬರೂ ಗೆದ್ದರು.

ದೊಡ್ಡ ಕ್ಲಾಸಿಗೆ ಹೋದಂತೆ ಇದೇ ತರ ತೋಟದಲ್ಲೂ ಪಾಠ ಸಿಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೀರಲ್ಲ, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. 7ನೇ ಕ್ಲಾಸಿನ ಶೇಕಡಾ ಲೆಕ್ಕ ಅಲ್ಲೇ ಇದೆ. ಕಬ್ಬಿಣದ ಕತ್ತಿ ಅದ್ದಿ, ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ನೋಡುತ್ತೀರಲ್ಲ, ಅದು ರಸಾಯನಶಾಸ್ತ್ರ. ದೂರ ನಿಲ್ಲಿಸಿ ತೋರಿಸಿ, ಮುಟ್ಟಿಸಬೇಡಿ.

ಆಟ, ಹಾಡು, ಚಿತ್ರ, ಕೈತೋಟ, ಊಟಕ್ಕೆ ಮುಂಚೆ ಸಾಲಾಗಿ ಕೈ ತೊಳೆಯುವುದು, ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಗೆ ನಾಟಕ, ಇವು ಪಾಠದ ಹೊರಗಿನವು ಅಂತ ನಾವು ಅಂದುಕೊಂಡಿರುತ್ತೇವೆ. ಪ್ರಗತಿ ಪತ್ರದಲ್ಲಿ ಭಾಗ-ಎ ಅಂತ ವಿಷಯಗಳು, ಭಾಗ-ಬಿ ಅಂತ ಇವು. ಎರಡಕ್ಕೂ ಶ್ರೇಣಿ ಕೊಡುತ್ತಾರೆ. ಹೆಚ್ಚಿನ ಅಪ್ಪ ಅಮ್ಮಂದಿರು ಭಾಗ-ಬಿ ನೋಡದೇ ಸಹಿ ಹಾಕುತ್ತಾರೆ. ಅದನ್ನು ಸುಮ್ನೆ ತುಂಬಿಸಿ ಕಳಿಸುವ ಶಾಲೆಗಳೂ ಇವೆ ಅನ್ನಿ, ಹಾಗಾಗಿ ಪೂರ್ತಿ ನಿಮ್ಮದೇ ತಪ್ಪಲ್ಲ. ಶಿಕ್ಷಣ ಹಕ್ಕು ಕಾನೂನಿನ ಪ್ರಕಾರ 1ರಿಂದ 5ಕ್ಕೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗಬೇಕು. ದಿನಕ್ಕೆ ನಾಲ್ಕು ಗಂಟೆ ಬಂತು. ಮಳೆ ರಜೆಯ ಲೆಕ್ಕ ತುಂಬಿಸಲು ಶನಿವಾರ ಮಧ್ಯಾಹ್ನವೂ ಕೂರಿಸುತ್ತಾರಲ್ಲ, ಅದಕ್ಕೆ ಮಕ್ಕಳ ಜೊತೆ ನೀವೂ ಗೊಣಗಬೇಡಿ.

ಕೊರತೆ ಇಲ್ಲವೇ ಅಂದರೆ, ಇದೆ. ಇಬ್ಬರೇ ಮೇಷ್ಟ್ರು ಐದು ಕ್ಲಾಸು ನೋಡಿಕೊಳ್ಳುವ ಕಡೆ ಒಬ್ಬರು ಮೀಟಿಂಗಿಗೋ ತರಬೇತಿಗೋ ಹೋದರೆ ಅವತ್ತು ಪಾಠ ಅಷ್ಟಕ್ಕಷ್ಟೇ. ನಲಿ-ಕಲಿ ಕಾರ್ಡು ಹರಿದು ಹೋಗಿ ಹೊಸದು ಬರದಿದ್ದರೆ ಏಣಿಯ ಮೆಟ್ಟಿಲೇ ಮುರಿದ ಹಾಗೆ. ಇಂಗ್ಲಿಷ್ 1ರಿಂದಲೇ ಇದೆ, ಆದರೆ ಹಾಡು ಮತ್ತು ಪದದಿಂದ ಮುಂದೆ ಹೋಗಿ ಮಾತಾಡುವ ಮಟ್ಟಕ್ಕೆ ಬರುವುದು ಕಮ್ಮಿ. ಇದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳುವುದಿಲ್ಲ. ಆದರೆ ಕನ್ನಡದಲ್ಲಿ ಚೆನ್ನಾಗಿ ಓದುವ ಮಗು ಇಂಗ್ಲಿಷನ್ನು ಎರಡು ವರ್ಷ ತಡವಾಗಿಯಾದರೂ ಹಿಡಿದುಕೊಂಡಿದ್ದನ್ನು ನೋಡಿದ್ದೇನೆ. ಎರಡರಲ್ಲೂ ಅರ್ಥವಿಲ್ಲದೆ ಓದುವ ಮಗು ಹಾಗೇ ಉಳಿದದ್ದನ್ನೂ ನೋಡಿದ್ದೇನೆ.

ಪಕ್ಕದ ಮನೆ ಹುಡುಗನ ಮಗ್ಗಿಯನ್ನು ಹಗುರ ಮಾಡಬೇಡಿ. 4ನೇ ಕ್ಲಾಸಿನ ಹೊತ್ತಿಗೆ ಹತ್ತರವರೆಗಿನ ಮಗ್ಗಿ ನಾಲಿಗೆ ಮೇಲೆ ಇರಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಮ್ಮೆ ಅವನನ್ನೂ ನಿಮ್ಮ ಮಗಳನ್ನೂ ಅಂಗಳದಲ್ಲಿ ಕೂರಿಸಿ 24 ಗೋಟಡಿಕೆ ಕೊಟ್ಟು, ಸಮನಾದ ಸಾಲು ಮಾಡಿ, ಎಷ್ಟು ತರ ಮಾಡಬಹುದು ನೋಡಿ ಅನ್ನಿ. ಯಾರು ಗೆದ್ದರು ಅಂತ ಬೇಡ, ಇಬ್ಬರೂ ಹೇಗೆ ಯೋಚನೆ ಮಾಡುತ್ತಾರೆ ಅಂತ ಕಣ್ಣಿಗೆ ಕಾಣುತ್ತದೆ.

ಮಗಳು ಹಿಂದೆ ಬಿದ್ದಿದ್ದಾಳಾ ಅಂತ ತಿಳಿಯಲು ಅವಳು ನೋಡದ ನಾಲ್ಕು ಸಾಲು ಕೊಡಿ. ಒತ್ತಕ್ಷರ ಕಮ್ಮಿ ಇರಲಿ. ಓದಿದ ಮೇಲೆ "ಯಾಕೆ" ಅಂತ ಒಂದು ಪ್ರಶ್ನೆ ಕೇಳಿ. "ಯಾರು, ಎಲ್ಲಿ" ಅಂತ ಕೇಳಿದರೆ ಸಾಲು ನೋಡಿ ಹೇಳಿಬಿಡುತ್ತಾರೆ. 2ನೇ ಕ್ಲಾಸಿನ ಮಧ್ಯದಲ್ಲಿ ನಿಧಾನವಾಗಿ ಓದಿದರೂ ಪರವಾಗಿಲ್ಲ, ಉತ್ತರ ಅವಳದೇ ಮಾತಿನಲ್ಲಿ ಬರಬೇಕು. ಮಗನಿಗೆ 306 ರೂಪಾಯಿಯನ್ನು ಮೂರು ಜನಕ್ಕೆ ಹಂಚು ಅನ್ನಿ. ಬರೆದು ಮಾಡಲಿ. ಬಹಳ ಮಕ್ಕಳು ನಡುವಿನ ಸೊನ್ನೆ ಬಿಟ್ಟು 12 ಅಂತ ಬರೆಯುತ್ತಾರೆ. 102 ಬಂದರೆ ಸರಿ. 12 ಬರೆದು, "ಅಯ್ಯೋ ಒಬ್ಬನಿಗೆ ನೂರಕ್ಕಿಂತ ಜಾಸ್ತಿ ಬರಬೇಕಲ್ಲ" ಅಂತ ತಾನೇ ಅಳಿಸಿದರೆ ಇನ್ನೂ ಒಳ್ಳೆಯದು. 12 ಬರೆದು ಸುಮ್ಮನೆ ಪುಸ್ತಕ ಮುಚ್ಚಿದರೆ ಸ್ಥಾನಬೆಲೆ ಗಟ್ಟಿಯಾಗಿಲ್ಲ ಅಂತ ಅರ್ಥ. ಅದು 3ನೇ ಕ್ಲಾಸಿನ ಕೆಲಸ, ಅಲ್ಲಿಂದ ಹಿಡಿದುಕೊಂಡು ಬರಬೇಕು.

ಇದರಲ್ಲಿ ಎಲ್ಲಾದರೂ ಎಡವಿದರೆ ಶಾಲೆಗೆ ಹೋಗಿ. "ನಮ್ಮ ಹುಡುಗಿ ಹೇಗಿದ್ದಾಳೆ ಟೀಚರ್" ಅಂತ ಕೇಳಬೇಡಿ, "ಪರವಾಗಿಲ್ಲ" ಅಂತಲೇ ಉತ್ತರ ಬರುತ್ತದೆ. ಗೋಡೆ ಮೇಲೆ ಪ್ರಗತಿ ನೋಟ ಅಂತ ಪಟ್ಟಿ ಇರುತ್ತದೆ, ಅದರಲ್ಲಿ ಅವಳ ಹೆಸರಿನ ಎದುರು ಏಣಿಯ ಯಾವ ಮೈಲಿಗಲ್ಲಿನವರೆಗೆ, ಅಂದರೆ ಯಾವ ಹಂತದವರೆಗೆ, ಗುರುತಾಗಿದೆ ತೋರಿಸಿ ಅನ್ನಿ. ಎರಡು ತಿಂಗಳಿಂದ ಒಂದೇ ಕಡೆ ನಿಂತಿದ್ದರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ. ಮೇಷ್ಟ್ರ ಕೊರತೆ ಇದ್ದರೆ ಎಸ್‌ಡಿಎಂಸಿ, ಅಂದರೆ ಅಪ್ಪ ಅಮ್ಮಂದಿರೇ ಇರುವ ಶಾಲಾ ಅಭಿವೃದ್ಧಿ ಸಮಿತಿಯ, ಸಭೆಯಲ್ಲಿ ಎದ್ದು ಹೇಳಿ. ಆ ಸಭೆಗೆ ತಾಯಂದಿರು ಬಂದರೆ ಮಾತು ಬೇರೆ ತರವೇ ಇರುತ್ತದೆ.

ವ್ಯಾನಿನ ತೀರ್ಮಾನವನ್ನು ದಸರಾ ರಜೆ ಮುಗಿಯುವವರೆಗೆ ಮುಂದಕ್ಕೆ ಹಾಕಿ. ಅಷ್ಟರಲ್ಲಿ ಮೊದಲ ಸಂಕಲನಾತ್ಮಕ ಪರೀಕ್ಷೆಯ, ಅಂದರೆ ಅರ್ಧ ವರ್ಷದ ಪರೀಕ್ಷೆಯ, ಶ್ರೇಣಿ ಬಂದಿರುತ್ತದೆ, ಮಗಳ ಮೈಲಿಗಲ್ಲು ಎಷ್ಟು ಸರಿದಿದೆ ಅಂತಲೂ ಗೊತ್ತಾಗಿರುತ್ತದೆ. ಹಾಗೇ ಪಕ್ಕದ ಮನೆಯವರನ್ನು ಕೇಳಿ ನೋಡಿ, ಹುಡುಗ ಬೆಳಿಗ್ಗೆ ಎಷ್ಟು ಗಂಟೆಗೆ ವ್ಯಾನು ಹತ್ತುತ್ತಾನೆ, ಸಂಜೆ ಎಷ್ಟಕ್ಕೆ ಇಳಿಯುತ್ತಾನೆ, ಜುಲೈನಲ್ಲಿ ಎಷ್ಟು ದಿನ ವ್ಯಾನು ಬಂದಿಲ್ಲ ಅಂತ.